ಓಲೆಯ ಕಟ್ಟಿಗೆ ಪೂಜೆಯೊಂದೇ ಸಾಕೇ?

ನಮ್ಮ ಹಸ್ತಪ್ರತಿಗಳೂ ಹಳೆಯ ಗ್ರಂಥಗಳೂ ಗಣಕಯಂತ್ರಕ್ಕೆ ಏರುವ ಕಾರ್ಯ ಏಕೆ ಇಷ್ಟು ಮಂದಗತಿಯಲ್ಲಿ ಸಾಗಿದೆ ಎಂಬ ಪ್ರಶ್ನೆಯನ್ನು ಯಾವ ಸಭೆಯಲ್ಲಿ ಎತ್ತಿದರೂ ದೊರೆಯುವ ಉತ್ತರ ಒಂದೇ: ಸರ್ಕಾರ ಹಣ ಕೊಡುತ್ತಿಲ್ಲ. ಹೀಗೆಂದವರಿಗೆ ಚಪ್ಪಾಳೆಯೂ ಬೀಳುತ್ತದೆ. ಅಂದವರೂ ಕೇಳಿದವರೂ ಪ್ರಸಾದ ಸ್ವೀಕರಿಸಿ ಮನೆಗೆ ತೆರಳುತ್ತಾರೆ. ಈ ಉತ್ತರ ಸುಳ್ಳೆಂದು ನಾನು ಹೇಳಲಾರೆ. ಆದರೆ ಅದು ಅರ್ಧ ಸತ್ಯ. ಉಳಿದರ್ಧ ಸತ್ಯವು ನಮ್ಮ ಮನೆಗಳ ಅಟ್ಟದ ಮೇಲೆ, ದೇವರ ಕೋಣೆಯ ಪೆಟ್ಟಿಗೆಗಳಲ್ಲಿ, ಹಾಗೂ ಈ ಪತ್ರಿಕೆಯ ಪುಟಗಳಲ್ಲಿಯೇ ಬರೆಯುತ್ತಿರುವುದರಿಂದ ಸಂಕೋಚ ಬಿಟ್ಟು ಹೇಳಬೇಕಾದರೆ, ನಮ್ಮ ಮಠಗಳ ಬೀರುಗಳಲ್ಲಿ ಬೀಗಮುದ್ರೆಯೊಳಗೆ ಕುಳಿತಿದೆ. ಆ ಅರ್ಧದ ಮಾತನ್ನು ಆಡುವುದೇ ಈ ಲೇಖನದ ಉದ್ದೇಶ. ವಾಚಕರಲ್ಲಿ ಕೆಲವರಿಗೆ ಇದು ಕಹಿಯಾದೀತು. ಅವರು ಮನ್ನಿಸಬೇಕು, ಆದರೆ ಓದಬೇಕು.

ಮೊದಲು ಸರ್ಕಾರದ ಲೆಕ್ಕವನ್ನೇ ನೋಡಿಬಿಡೋಣ. ಭಾರತದಲ್ಲಿ ಒಂದು ಕೋಟಿಯಷ್ಟು ಹಸ್ತಪ್ರತಿಗಳಿವೆ ಎಂಬುದು ಬಹುಕಾಲದಿಂದ ನಡೆದುಬಂದಿರುವ ಅಂದಾಜು. ಅವುಗಳನ್ನು ಹುಡುಕಿ, ಪಟ್ಟಿಮಾಡಿ, ಕಾಪಾಡುವುದಕ್ಕೆಂದು ಕೇಂದ್ರ ಸರ್ಕಾರವು ೨೦೦೩ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. ಎರಡು ದಶಕಗಳು ಕಳೆದ ಮೇಲೆ ಅದು ಒಪ್ಪಿಸಿದ ಲೆಕ್ಕದಲ್ಲಿ ವಿವರ ದಾಖಲಾದವು ಸುಮಾರು ೫೨ ಲಕ್ಷ. ಬಿಂಬ ತೆಗೆದಿರಿಸಿದವು ಸುಮಾರು ಮೂರೂವರೆ ಲಕ್ಷ. ಸಾಮಾನ್ಯನೊಬ್ಬನು ತನ್ನ ಮನೆಯಲ್ಲಿ ಕುಳಿತು ಅಂತರಜಾಲದಲ್ಲಿ ತೆರೆದು ಓದಬಹುದಾದವು ಒಂದು ಲಕ್ಷಕ್ಕೂ ಕಡಿಮೆ. ೨೦೨೫ರ ಮುಂಗಡಪತ್ರದಲ್ಲಿ ಜ್ಞಾನ ಭಾರತಂ ಎಂಬ ಹೊಸ ಹೆಸರಿನಿಂದ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ, ದಾಖಲೆ, ಸಂರಕ್ಷಣೆಗಳನ್ನು ಸಾರಲಾಯಿತು. ಹೆಸರು ಬದಲಾಯಿತು; ಕೋಟಿ ಎಂಬ ಸಂಖ್ಯೆ ಮಾತ್ರ ಇದ್ದಲ್ಲಿಯೇ ಇದೆ.

ಅಚ್ಚಾದ ಗ್ರಂಥಗಳ ಕಥೆ ಇದಕ್ಕಿಂತ ವಿಚಿತ್ರ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದೊಡಗೂಡಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಮಹಾಯೋಜನೆಗೆ ಕೈಹಾಕಿತು. ಐದು ಲಕ್ಷಕ್ಕೂ ಮಿಕ್ಕ ಪುಸ್ತಕಗಳು ಯಂತ್ರದ ಕಣ್ಣಿಗೆ ಬಿದ್ದವು. ಕೆಲಸ ದೊಡ್ಡದು, ಆದರೆ ಅವಸರದ್ದು. ಎಷ್ಟೋ ಪುಸ್ತಕಗಳಲ್ಲಿ ಪುಟಗಳು ಬಿಟ್ಟುಹೋಗಿವೆ. ಅಂಚಿನ ಅಕ್ಷರಗಳು ಕತ್ತರಿಸಿಹೋಗಿವೆ. ಕೆಲವೆಡೆ ಪುಟ ಹಿಡಿದವನ ಹೆಬ್ಬೆರಳೇ ಪಾಠದ ಮೇಲೆ ಕುಳಿತಿದೆ. ಕನ್ನಡ ಗ್ರಂಥಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದವರು ಹೇಗೆ ಬರೆದಿದ್ದಾರೆಂದರೆ, ಗ್ರಂಥಕರ್ತನೇ ಬಂದು ಹುಡುಕಿದರೂ ತನ್ನ ಪುಸ್ತಕ ಸಿಗಲಾರದು. ೨೦೧೭ರ ಸುಮಾರಿಗೆ ಗ್ರಂಥಸ್ವಾಮ್ಯದ ತಕರಾರಿನಿಂದ ಆ ತಾಣವೇ ಮುಚ್ಚಿಹೋಯಿತು. ಯಾರೋ ಪುಣ್ಯವಂತರು ಅದಕ್ಕೆ ಮೊದಲೇ ಆ ರಾಶಿಯನ್ನು ಇಂಟರ್‌ನೆಟ್ ಆರ್ಕೈವ್ ಎಂಬ ಅಮೆರಿಕದ ಭಂಡಾರಕ್ಕೆ ಸಾಗಿಸಿದ್ದರಿಂದ ಉಳಿಯಿತು. ಇಂದು ನಾನು ತಿಪಟೂರಿನಲ್ಲಿ ಕುಳಿತು ಒಂದು ಹಳೆಯ ಕನ್ನಡ ಪುಸ್ತಕವನ್ನು ತೆರೆದರೆ, ಅದರ ಮೊದಲ ಪುಟದಲ್ಲಿ ಅನೇಕ ಸಲ ಕಾಣುವುದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಮುದ್ರೆ. ಕನ್ನಡಿಗರ ಪುಸ್ತಕವನ್ನು ಕನ್ನಡಿಗರಿಗೆ ತೋರಿಸಲು ತೆಲುಗುನಾಡಿನ ಗ್ರಂಥಾಲಯ ಬೇಕಾಯಿತು! ಆ ಗ್ರಂಥಾಲಯಕ್ಕೆ ನಮ್ಮ ಕೃತಜ್ಞತೆ ಸಲ್ಲಲಿ. ನಮ್ಮ ಗ್ರಂಥಾಲಯಗಳ ಬಗ್ಗೆ ಏನು ಹೇಳಬೇಕೋ ವಾಚಕರೇ ಹೇಳಿಕೊಳ್ಳಲಿ.

ಸರ್ಕಾರದ ಪಾಲಿನ ದೋಷ ಇಷ್ಟು. ಇನ್ನು ನಮ್ಮ ಪಾಲು.

ನಮ್ಮದು ತೆಂಗಿನ ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಹುಟ್ಟಿದವರಿಗೆ ಅಟ್ಟ ಎಂದರೇನೆಂದು ವಿವರಿಸಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳು ಅಲ್ಲಿಯೇ ಬಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ತಾನಾಗಿ ಕರಟ ಬಿಟ್ಟು ಉಂಡೆಯಾಗುವವರೆಗೆ ಕಾಯುವ ತಾಳ್ಮೆ ನಮ್ಮ ಹಿರಿಯರದು. ಅದೇ ಅಟ್ಟದ ಒಂದು ಮೂಲೆಯಲ್ಲಿ, ಅಡುಗೆಮನೆಯ ಹೊಗೆ ಸುಳಿಯುವೆಡೆ, ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಯ ಕಟ್ಟೂ ಇರುತ್ತಿತ್ತು. ಹೊಗೆಗೆ ಹುಳು ಬಾರದು. ಕೊಬ್ಬರಿಯೂ ಉಳಿಯಿತು, ಓಲೆಯೂ ಉಳಿಯಿತು. ಅಜ್ಜಂದಿರು ಸಂರಕ್ಷಣಾಶಾಸ್ತ್ರವನ್ನು ಓದಿದವರಲ್ಲ. ಆದರೆ ಅವರ ಮನೆಯೇ ಆ ಶಾಸ್ತ್ರವನ್ನು ಪಾಲಿಸುತ್ತಿತ್ತು. ಈಗ ಹೆಂಚಿನ ಮನೆಗಳು ಹೋಗಿ ತಾರಸಿ ಮನೆಗಳು ಬಂದಿವೆ. ಸೌದೆಯ ಒಲೆ ಹೋಗಿ ಅನಿಲದ ಒಲೆ ಬಂದಿದೆ. ಇದು ಹೆಣ್ಣುಮಕ್ಕಳ ಕಣ್ಣಿಗೂ ಶ್ವಾಸಕೋಶಕ್ಕೂ ಒಳ್ಳೆಯದಾಯಿತು. ಅದಕ್ಕಾಗಿ ಮರುಗುವವನು ನಾನಲ್ಲ. ಆದರೆ ಹೊಗೆ ಹೋದಂದಿನಿಂದ ಓಲೆಗೆ ಕಾವಲಿಲ್ಲವಾಯಿತು. ಕೊಬ್ಬರಿಗಾದರೋ ಬೇರೆ ಕೊಠಡಿ ಕಟ್ಟಿಕೊಂಡೆವು. ಓಲೆಗೆ?

ತುರುವೇಕೆರೆ ಕಡೆಯ ಒಂದು ಗ್ರಾಮದ ಸಂಗತಿಯನ್ನು ಹೇಳುತ್ತೇನೆ. ಮನೆತನದ ಹೆಸರು ಬೇಡ, ಊರಿನ ಹೆಸರೂ ಬೇಡ. ಶ್ರಾವಣ ಮಾಸದಲ್ಲಿ ಆ ಮನೆಯ ಹಿರಿಯರು ಓಲೆಯ ಕಟ್ಟನ್ನು ಕೆಳಗಿಳಿಸಿ, ವಿಭೂತಿ ಧರಿಸಿ, ಪತ್ರೆ ಪುಷ್ಪಗಳನ್ನೇರಿಸಿ, ಧೂಪಾರತಿ ಮಾಡಿ ಮರಳಿ ಅಟ್ಟಕ್ಕೇರಿಸುತ್ತಿದ್ದರು. ಅದರೊಳಗೆ ಏನಿದೆಯೆಂದು ನಾನು ವಿಚಾರಿಸಿದೆ. ಗೊತ್ತಿಲ್ಲ, ನಮ್ಮ ಅಜ್ಜಂದಿರ ಕಾಲದ್ದು ಎಂದರು. ಒಮ್ಮೆ ಬಿಚ್ಚಿ ನೋಡಬಹುದೇ ಎಂದೆ. ಅವರ ಮುಖ ಕಪ್ಪಿಟ್ಟಿತು. ಬಿಚ್ಚಿದರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂದರು. ಅಲ್ಲಿಯೇ ಕುಳಿತು, ಅವರ ಕಣ್ಣೆದುರಿಗೇ, ಗರಿಯೊಂದನ್ನೂ ಹೊರಗೊಯ್ಯದೆ ಛಾಯಾಚಿತ್ರ ತೆಗೆದುಕೊಳ್ಳುತ್ತೇನೆಂದು ಬೇಡಿಕೊಂಡೆ. ಯೋಚಿಸೋಣ ಎಂದರು. ಮೂರು ವರ್ಷ ಯೋಚಿಸಿದರು. ನಾಲ್ಕನೆಯ ವರ್ಷ ಮನೆ ಕೆಡವಿ ಹೊಸದು ಕಟ್ಟುವಾಗ ಕಟ್ಟನ್ನು ಬಿಚ್ಚಲೇಬೇಕಾಯಿತು. ಹಲಗೆಗಳೆರಡೂ ಚೆನ್ನಾಗಿದ್ದವು. ನಡುವೆ ಇದ್ದುದು ಮಣ್ಣು. ಗೆದ್ದಲು ಮೇಲಿನ ಗರಿಯಿಂದ ಕೆಳಗಿನ ಗರಿಯವರೆಗೆ ಮನೆ ಮಾಡಿ, ಓದಬೇಕಾದುದನ್ನೆಲ್ಲ ತಾನೇ ಓದಿ ಮುಗಿಸಿತ್ತು. ಆ ಹಿರಿಯರು ಅತ್ತರು. ಆ ಮಣ್ಣನ್ನೂ ಹಲಗೆಗಳನ್ನೂ ಪೂಜೆ ಮಾಡಿಯೇ ಕೆರೆಗೆ ಬಿಟ್ಟರು. ಅವರ ಭಕ್ತಿಯಲ್ಲಿ ಕೊರತೆಯಿತ್ತೆಂದು ಯಾರು ಹೇಳಬಲ್ಲರು? ಭಕ್ತಿ ತುಂಬಿತ್ತು. ಕಟ್ಟಿನೊಳಗೆ ಯಾರ ವಚನವಿತ್ತೋ, ಯಾವ ಶರಣನ ಚರಿತ್ರೆಯಿತ್ತೋ, ಅಥವಾ ದನಕರುಗಳ ಔಷಧಿಯ ವಿವರವಿತ್ತೋ, ಅದು ಇನ್ನು ಯಾರಿಗೂ ತಿಳಿಯದು.

ಇಂಥ ಕಥೆ ಬೇರೆ ಯಾವ ಸೀಮೆಯಲ್ಲಿ ನಡೆದರೂ ವಿಷಾದವೇ. ನಮ್ಮ ಸೀಮೆಯಲ್ಲಿ ನಡೆದರೆ ನಾಚಿಕೆಯೂ ಹೌದು. ಏಕೆಂದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚದುರಿದ ವಚನಗಳು ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಮರಳಿ ಒಂದುಗೂಡಿದ ಮುಖ್ಯ ನೆಲೆಗಳಲ್ಲಿ ಈ ಸುತ್ತಿನದೂ ಒಂದು. ಕಗ್ಗೆರೆಯ ತೋಟದಲ್ಲಿ ತಪಗೈದು ಎಡೆಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗೇಶ್ವರರು ಏಳುನೂರೊಂದು ವಚನಗಳ ಷಟ್‌ಸ್ಥಲ ಜ್ಞಾನಸಾರಾಮೃತವನ್ನು ಕರುಣಿಸಿದುದು ಇಲ್ಲಿಂದ ಕೂಗಳತೆಯ ದೂರದಲ್ಲಿ. ನಾಲ್ಕು ಶೂನ್ಯಸಂಪಾದನೆಗಳಲ್ಲಿ ಕೊನೆಯದನ್ನು ಸಂಕಲಿಸಿದ ಸಿದ್ಧವೀರಣ್ಣೊಡೆಯರು ತುಮಕೂರಿನ ಬಳಿಯ ಗೂಳೂರಿನವರು. ಭಾವಚಿಂತಾರತ್ನವನ್ನು ೧೫೧೩ರಲ್ಲಿಯೂ ವೀರಶೈವಾಮೃತ ಮಹಾಪುರಾಣವನ್ನು ೧೫೩೦ರಲ್ಲಿಯೂ ರಚಿಸಿದ ಮಲ್ಲಣಾರ್ಯರು ನೆರೆಯ ಗುಬ್ಬಿಯವರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಡೆಕೆರೆಯು ಸಿದ್ಧರಾಮೇಶ್ವರರ ಕ್ಷೇತ್ರವೆಂದು ಇಂದಿಗೂ ಜಾತ್ರೆಯನ್ನು ಕಾಣುತ್ತಿದೆ. ಇಷ್ಟು ಮಂದಿ ಸಂಕಲನಕಾರರೂ ಪುರಾಣಕಾರರೂ ವಿರಕ್ತರೂ ನಡೆದಾಡಿದ ನಾಡಿನಲ್ಲಿ ಓಲೆ ಬರೆಯುವ ಕಾಯಕ ಮಾಡಿದವರು ಎಷ್ಟು ಮಂದಿ ಇದ್ದಿರಬೇಕು! ಅವರು ಬರೆದುದು ಮನೆಮನೆಯಲ್ಲಿ ಓದಲೆಂದು. ಒಂದು ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು. ಪ್ರತಿ ಮಾಡುವುದೇ ಅವರ ಪೂಜೆಯಾಗಿತ್ತು. ಅವರ ವಂಶಸ್ಥರಾದ ನಾವು ಪ್ರತಿ ಮಾಡುವುದನ್ನು ಬಿಟ್ಟು ಪೂಜೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಜಂಗಮವಾಗಿ ಸಂಚರಿಸಬೇಕಾದ ವಚನವನ್ನು ಸ್ಥಾವರ ಮಾಡಿ ಕೂರಿಸಿದ್ದೇವೆ.

ಇದೇ ನಾಡಿನ ಕಲ್ಲುಗಳ ಭಾಗ್ಯ ಓಲೆಗಳಿಗೆ ಇಲ್ಲವಾಯಿತು. ತುಮಕೂರು ಜಿಲ್ಲೆಯ ಶಾಸನಗಳನ್ನೆಲ್ಲ ಕೂಡಿಸಿ ಬಿ.ಎಲ್. ರೈಸ್ ಅವರು ೧೯೦೪ರಲ್ಲಿಯೇ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ಇಂದು ಆ ಸಂಪುಟವನ್ನು ಯಾವ ವಿದ್ಯಾರ್ಥಿಯಾದರೂ ಕೈಯೊಳಗಿನ ದೂರವಾಣಿಯಲ್ಲಿ ತೆರೆದು ತನ್ನ ತಾಲ್ಲೂಕಿನ ಶಾಸನ ಓದಬಹುದು. ಮಳೆಗೆ ಬಿಸಿಲಿಗೆ ಬಿದ್ದಿದ್ದ ಕಲ್ಲು ಲೋಕಕ್ಕೆ ತೆರೆಯಿತು. ಅರಿವೆಯಲ್ಲಿ ಸುತ್ತಿ ಪೂಜಿಸಿದ ಓಲೆ ಮುಚ್ಚಿಯೇ ಉಳಿಯಿತು.

ಈ ಸಂದರ್ಭದಲ್ಲಿ ಡಾ. ಫ.ಗು. ಹಳಕಟ್ಟಿಯವರ ಹೆಸರನ್ನು ಎತ್ತದಿರಲು ಸಾಧ್ಯವಿಲ್ಲ. ನಾವು ಅವರ ಹೆಸರನ್ನು ಎತ್ತುತ್ತಲೇ ಇರುತ್ತೇವೆ. ವಚನ ಪಿತಾಮಹರೆಂದು ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ. ಅವರು ಏನು ಮಾಡಿದರೆಂಬುದನ್ನು ಮಾತ್ರ ಮರೆಯುತ್ತೇವೆ. ಬಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಆ ಮಹನೀಯರು ಊರೂರು ಅಲೆದು, ಮನೆ ಮನೆಯ ಬಾಗಿಲಲ್ಲಿ ನಿಂತು, ಓಲೆಯ ಕಟ್ಟುಗಳನ್ನು ಬೇಡಿ ತಂದು ಪ್ರತಿ ಮಾಡಿದರು. ವಚನಶಾಸ್ತ್ರಸಾರದ ಮೊದಲ ಭಾಗ ೧೯೨೩ರಲ್ಲಿ ಹೊರಬಂದಿತು. ಮನೆ ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು; ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅವರ ಕಾಲದಲ್ಲಿ ಅಚ್ಚಿನ ಮೊಳೆಯೇ ಹೊಸ ಯಂತ್ರ. ಓಲೆಯ ಪವಿತ್ರ ವಾಣಿಯನ್ನು ಕಂಡಕಂಡವರು ಮುಟ್ಟುವ ಕಾಗದಕ್ಕೆ ಇಳಿಸಬಹುದೇ ಎಂದು ಅಂದಿನವರೂ ಕೇಳಿರಬಹುದು. ಅವರು ಆ ಶಂಕೆಗೆ ಮಣಿದಿದ್ದರೆ ಇಂದು ನಾವು ಮಾಲೆ ಹಾಕುವುದಕ್ಕೆ ಭಾವಚಿತ್ರವೂ ಇರುತ್ತಿರಲಿಲ್ಲ, ಭಾಷಣಕ್ಕೆ ವಚನವೂ ಇರುತ್ತಿರಲಿಲ್ಲ. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟದ ಇಪ್ಪತ್ತು ಸಾವಿರಕ್ಕೂ ಮಿಗಿಲಾದ ವಚನಗಳ ಹಿಂದೆ ಇಂಥವರ ಅಲೆದಾಟವಿದೆ. ಕಟ್ಟು ಬಿಚ್ಚಿ ಕೊಟ್ಟ ಹೆಸರಿಲ್ಲದ ಗೃಹಸ್ಥರ ಔದಾರ್ಯವೂ ಇದೆ.

ಇನ್ನೊಂದು ಮಾತು. ಹಳಕಟ್ಟಿಯವರು ಲಿಂಗೈಕ್ಯರಾದುದು ೧೯೬೪ರಲ್ಲಿ. ನಮ್ಮ ದೇಶದ ಕಾನೂನಿನಂತೆ ಗ್ರಂಥಕರ್ತನು ತೀರಿಕೊಂಡ ವರ್ಷದ ಮರುವರ್ಷದಿಂದ ಅರವತ್ತು ವರ್ಷಗಳವರೆಗೆ ಸ್ವಾಮ್ಯವಿರುತ್ತದೆ. ಹೀಗಾಗಿ ೨೦೨೫ರ ಜನವರಿ ಒಂದರಿಂದ ಅವರ ಸ್ವಂತ ಬರಹಗಳೆಲ್ಲವೂ ಲೋಕದ ಸ್ವತ್ತಾಗಿವೆ. ಶಿವಾನುಭವದ ಹಳೆಯ ಸಂಪುಟಗಳನ್ನು ಬೀರುವಿನಲ್ಲಿ ಇಟ್ಟುಕೊಂಡಿರುವ ಮಠಗಳೂ ಮನೆಗಳೂ ಅವುಗಳಲ್ಲಿರುವ ಹಳಕಟ್ಟಿಯವರ ಲೇಖನಗಳನ್ನು ಬಿಂಬಕ್ಕಿಳಿಸಿ ಹಂಚಲು ಇನ್ನು ಯಾರ ಅಪ್ಪಣೆಯೂ ಬೇಕಾಗಿಲ್ಲ. ಕಾನೂನು ಬೀಗ ತೆಗೆದಿದೆ. ಬೀರುವಿನ ಬೀಗ ಯಾರ ಕೈಯಲ್ಲಿದೆ?

ನಾನು ಮಠಗಳಲ್ಲಿಯೂ ಮನೆಗಳಲ್ಲಿಯೂ ಕೇಳಿದ ಆಕ್ಷೇಪಗಳು ಹಲವು. ಓಲೆಯಲ್ಲಿರುವ ವಚನಗಳೆಲ್ಲ ಅಚ್ಚಾಗಿವೆಯಲ್ಲ, ಇನ್ನೇಕೆ ಈ ಗೊಡವೆ ಎನ್ನುವವರು ಬಹುಮಂದಿ. ಇವರು ಓಲೆಯ ಕಟ್ಟೊಂದನ್ನು ಬಿಚ್ಚಿ ನೋಡಿಲ್ಲವೆಂಬುದು ಈ ಮಾತಿನಿಂದಲೇ ಸಿದ್ಧವಾಗುತ್ತದೆ. ಒಂದೇ ವಚನ ಎರಡು ಕಟ್ಟುಗಳಲ್ಲಿ ಎರಡು ಬಗೆಯಾಗಿರುತ್ತದೆ. ಒಂದರಲ್ಲಿ ಇರುವ ಸಾಲು ಇನ್ನೊಂದರಲ್ಲಿ ಇಲ್ಲ. ಅಂಕಿತವೇ ಬೇರೆಯಾಗಿರುವುದೂ ಉಂಟು. ಸಂಪಾದಕರು ತಮಗೆ ದೊರೆತ ಪ್ರತಿಗಳನ್ನಿಟ್ಟುಕೊಂಡು ನಿರ್ಣಯಿಸಿದ್ದಾರೆ. ದೊರೆಯದ ಪ್ರತಿ ನಿಮ್ಮ ಅಟ್ಟದಲ್ಲಿದ್ದರೆ ಆ ನಿರ್ಣಯ ಇನ್ನೂ ಪೂರ್ಣವಾಗಿಲ್ಲ. ಮೇಲಾಗಿ ಒಂದು ಕಟ್ಟಿನಲ್ಲಿ ಒಂದೇ ಕೃತಿ ಇರಬೇಕೆಂಬ ನಿಯಮವೇನಿಲ್ಲ. ಮೊದಲ ಗರಿಗಳಲ್ಲಿ ಪುರಾಣ, ನಡುವೆ ಸ್ವರವಚನ, ಕೊನೆಯಲ್ಲಿ ಯಾರೋ ಬರೆದಿಟ್ಟ ಮೂಲಿಕೆಯ ಯೋಗ ಅಥವಾ ಕಾಲಜ್ಞಾನ. ಕೃತಿಯ ಹೆಸರೂ ಬರೆದವನ ಹೆಸರೂ ಸಾಮಾನ್ಯವಾಗಿ ಕೊನೆಯ ಗರಿಯ ಸಮಾಪ್ತಿವಾಕ್ಯದಲ್ಲಿ. ಆ ಗರಿಯೇ ಮೊದಲು ಮುರಿಯುವುದು. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು ಕಪ್ಪಾಗಿಸಿ, ಬಳಪದಿಂದ ಬರೆದ ಕಡತಗಳ ಬಗ್ಗೆಯಂತೂ ಯಾರೂ ತಲೆಕೆಡಿಸಿಕೊಂಡಿಲ್ಲ. ಭೂಮಿಕಾಣಿಯ ಲೆಕ್ಕ, ಊರಿನ ಒಪ್ಪಂದ, ಸಾಲದ ವಿವರ ಇರುವುದು ಅಂಥವುಗಳಲ್ಲಿ. ಬಳಪದ ಅಕ್ಷರ ಕೈ ತಗುಲಿದರೆ ಅಳಿಯುತ್ತದೆ. ಹಬ್ಬದ ದಿನ ಶುಚಿಗೊಳಿಸುವ ಉತ್ಸಾಹದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದ ಕಡತವೊಂದನ್ನು ನಾನು ಕಂಡಿದ್ದೇನೆ. ಬಹಳ ಶುಚಿಯಾಗಿತ್ತು!

ಹೊರಗಿನವರು ದುರುಪಯೋಗ ಮಾಡಿಯಾರು ಎಂಬುದು ಎರಡನೆಯ ಆಕ್ಷೇಪ. ಮಾಡಲಿ. ಅಚ್ಚಾದ ವಚನವನ್ನು ತಿರುಚುವವರು ಈಗಲೇ ಇಲ್ಲವೇ? ತಿರುಚಿದುದನ್ನು ತಿದ್ದಬೇಕಾದರೆ ಮೂಲವನ್ನು ತೋರಿಸಬೇಕು. ಮೂಲ ಗೆದ್ದಲಿನ ಹೊಟ್ಟೆಯಲ್ಲಿದ್ದರೆ ತಿರುಚಿದವನೇ ಗೆದ್ದ. ಮೊದಲು ನಾವೇ ಸಂಪಾದಿಸಿ ಪ್ರಕಟಿಸುತ್ತೇವೆ, ಆಮೇಲೆ ಬೇರೆಯವರಿಗೆ ತೋರಿಸುತ್ತೇವೆ ಎಂಬುದು ಮೂರನೆಯದು. ಇದನ್ನು ಹೇಳುವವರು ಸಾಮಾನ್ಯವಾಗಿ ವಿದ್ವಾಂಸರು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವುಂಟುಮಾಡುವ ಮಾತು. ಹೀಗೆಂದು ಇಪ್ಪತ್ತು ವರ್ಷ ಕಟ್ಟನ್ನು ತಮ್ಮ ಮನೆಯಲ್ಲಿಟ್ಟುಕೊಂಡು, ಸಂಪಾದಿಸದೆ, ಹಿಂದಿರುಗಿಸದೆ ತೀರಿಕೊಂಡವರಿದ್ದಾರೆ. ಮಕ್ಕಳು ಅದನ್ನು ಹಳೆಯ ಕಾಗದದೊಂದಿಗೆ ತೂಕಕ್ಕೆ ಹಾಕಿದರು. ಅರ್ಥಶಾಸ್ತ್ರದ ಕಥೆ ಇವರಿಗೆ ಗೊತ್ತಿರುವುದೇ. ತಂಜಾವೂರು ಕಡೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು; ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದನ್ನು ಗುರುತಿಸಿ ೧೯೦೯ರಲ್ಲಿ ಅಚ್ಚಿಗೆ ತಂದರು. ಕೌಟಿಲ್ಯನ ಗ್ರಂಥ ಜಗತ್ತಿಗೆ ದೊರೆಯಿತು. ಆ ಪಂಡಿತರ ಹೆಸರು ಕೂಡ ಉಳಿಯಲಿಲ್ಲ. ಹೆಸರು ಉಳಿಯದಿದ್ದರೂ ಚಿಂತೆಯಿಲ್ಲವೆಂದು ಕೊಡಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಒಂದೇ ಪ್ರತಿಯನ್ನು ಒಂದೇ ಕಡೆ ಇಟ್ಟು, ಇಲ್ಲಿ ಭದ್ರವಾಗಿದೆ ಎಂದು ನಂಬುವವರಿಗೆ ಯಾಳ್ಪಾಣದ ನೆನಪು ಮಾಡಿಕೊಡಬೇಕು. ಶ್ರೀಲಂಕೆಯ ಆ ಊರಿನ ಸಾರ್ವಜನಿಕ ಗ್ರಂಥಾಲಯವನ್ನು ೧೯೮೧ರಲ್ಲಿ ದುರುಳರು ಸುಟ್ಟಾಗ ಓಲೆಯ ಪ್ರತಿಗಳೂ ಸೇರಿದಂತೆ ಸುಮಾರು ೯೭ ಸಾವಿರ ಗ್ರಂಥಗಳು ಬೂದಿಯಾದವು. ಕಟ್ಟಡವನ್ನು ಮತ್ತೆ ಕಟ್ಟಿದರು. ನಮ್ಮ ನಾಡಿನಲ್ಲಿ ದ್ವೇಷದ ಬೆಂಕಿಯೇ ಬೇಕೆಂದಿಲ್ಲ. ಒಂದು ಸೋರುವ ತಾರಸಿ ಸಾಕು.

ಇನ್ನು ಬಿಂಬ ತೆಗೆಸಿದವರ ಮಾತು. ಇವರು ಶ್ಲಾಘ್ಯರು, ಆದರೆ ಅರ್ಧ ದಾರಿಗೆ ಬಂದು ಕುಳಿತವರು. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಒಂದು ಸಂಸ್ಥೆಯಲ್ಲಿ (ಹೆಸರು ಬೇಡ) ಸಮಾರಂಭ ಮಾಡಿ, ಹಸ್ತಪ್ರತಿಗಳನ್ನು ಸಿ.ಡಿ. ತಟ್ಟೆಗಳಲ್ಲಿ ಅಡಕಗೊಳಿಸಿದ್ದೇವೆಂದು ಘೋಷಿಸಿದರು. ನಾನೂ ಚಪ್ಪಾಳೆ ತಟ್ಟಿದವನೇ. ಈಚೆಗೆ ಹೋಗಿ ಕೇಳಿದಾಗ ತಟ್ಟೆಗಳನ್ನು ಬೀರುವಿನಿಂದ ತೆಗೆದು ತೋರಿಸಿದರು. ಅವುಗಳ ಮೇಲೂ ವಿಭೂತಿಯ ಗುರುತಿತ್ತು. ಅವುಗಳನ್ನು ಓದುವ ಯಂತ್ರ ಆ ಕಟ್ಟಡದಲ್ಲಿ ಇರಲಿಲ್ಲ. ಬೇರೆಡೆಗೆ ಒಯ್ದು ಹಾಕಿದಾಗ ಆರರಲ್ಲಿ ನಾಲ್ಕು ತೆರೆಯಲಿಲ್ಲ. ತೆರೆದ ಎರಡರಲ್ಲಿ ಒಂದು ಸಮಾರಂಭದ ಛಾಯಾಚಿತ್ರಗಳದು. ಆ ಕಾಲದಲ್ಲಿ ಟಂಕಿಸಿಟ್ಟ ಕನ್ನಡ ಪಾಠಗಳ ಗತಿಯೂ ಹೀಗೆಯೇ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಅಕ್ಷರವಿನ್ಯಾಸ. ಆ ಅಕ್ಷರವಿನ್ಯಾಸ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಕಸ. ನಾನೂರು ವರ್ಷದ ಓಲೆಯನ್ನು ಬೆಳಕಿಗೆ ಹಿಡಿದರೆ ಇಂದಿಗೂ ಓದಬಹುದು. ಇಪ್ಪತ್ತು ವರ್ಷದ ತಟ್ಟೆ ಮೂಕವಾಗಿದೆ. ಆದುದರಿಂದ ಬಿಂಬ ತೆಗೆದು ಬೀರುವಿಗೆ ಹಾಕುವುದು ಓಲೆಯ ಪಕ್ಕದಲ್ಲಿ ಇನ್ನೊಂದು ಗದ್ದುಗೆ ಕಟ್ಟಿದಂತೆ. ಬಿಂಬ ಉಳಿಯಬೇಕಾದರೆ ಅದು ಹಲವು ಕಡೆ ಇರಬೇಕು, ಕಾಲಕಾಲಕ್ಕೆ ಹೊಸ ಸಾಧನಕ್ಕೆ ಸಾಗಬೇಕು, ಯಾರು ಬೇಕಾದರೂ ಕೇಳಿದಾಗ ಕೊಡುವಂತಿರಬೇಕು.

ಹಾಗೆ ಕೊಟ್ಟರೆ ಏನಾಗುತ್ತದೆಂಬುದಕ್ಕೆ ವಚನ ಸಂಚಯವೇ ಸಾಕ್ಷಿ. ಯಾವ ದೊಡ್ಡ ಸಂಸ್ಥೆಯ ಆಸರೆಯೂ ಇಲ್ಲದೆ, ಗಣಕ ಬಲ್ಲ ತರುಣರೂ ಸಾಹಿತ್ಯ ಬಲ್ಲ ಹಿರಿಯರೂ ಸೇರಿ, ಅಚ್ಚಾದ ವಚನಗಳನ್ನೆಲ್ಲ ಅಂತರಜಾಲದಲ್ಲಿ ಪದಪದವಾಗಿ ಹುಡುಕಬಹುದಾದಂತೆ ಅಣಿಗೊಳಿಸಿದರು. ಕಾಯಕ ಎಂಬ ಪದ ಎಷ್ಟು ವಚನಗಳಲ್ಲಿ ಬಂದಿದೆಯೆಂದು ತಿಳಿಯಲು ಹಿಂದೆ ಒಬ್ಬ ಸಂಶೋಧಕ ವರ್ಷಗಟ್ಟಲೆ ಪುಟ ತಿರುವಬೇಕಾಗಿತ್ತು; ಈಗ ಶಾಲೆಯ ಬಾಲಕ ನಿಮಿಷದಲ್ಲಿ ತಿಳಿಯುತ್ತಾನೆ. ಮಠಗಳು ಮಾಡಬೇಕಾಗಿದ್ದ ದಾಸೋಹವನ್ನು ಅವರು ಮಾಡಿದರು.

ಕೊಬ್ಬರಿಯ ಬೆಲೆ ೨೦೨೩ರಲ್ಲಿ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ನಾವು ಬೀದಿಗಿಳಿದೆವು. ಇಳಿದುದು ಸರಿಯೇ; ಹೊಟ್ಟೆಯ ಪ್ರಶ್ನೆ ಅದು. ಓಲೆಗೆ ಮಾರುಕಟ್ಟೆಯಿಲ್ಲ, ಹರಾಜಿಲ್ಲ, ಬೆಂಬಲ ಬೆಲೆಯಿಲ್ಲ. ಅದರ ಪರವಾಗಿ ಬೀದಿಗಿಳಿಯುವವರು ಯಾರೂ ಇಲ್ಲ. ಅದಕ್ಕೆ ಇರುವುದು ಮಠ ಮತ್ತು ಮಠದ ಮಕ್ಕಳು.

ಮಠದ ಮಕ್ಕಳೆಂದರೆ ನಾವು, ಇಲ್ಲಿಯ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ನಮ್ಮಲ್ಲಿ ಬೆಂಗಳೂರಿನ ಗಣಕ ಸಂಸ್ಥೆಗಳಲ್ಲಿ ದುಡಿಯುವವರಿದ್ದಾರೆ, ವಿದೇಶಗಳಲ್ಲಿ ನೆಲೆಸಿದವರಿದ್ದಾರೆ. ಜಾತ್ರೆಗೆ ಬಂದಾಗ ಇವರು ಕಲ್ಲಿನ ಕಮಾನಿಗೆ, ಸಭಾಭವನಕ್ಕೆ, ರಥಕ್ಕೆ ಕಾಣಿಕೆ ಒಪ್ಪಿಸುತ್ತಾರೆ. ಅದರ ಮೇಲೆ ಹೆಸರು ಕೆತ್ತಿಸುತ್ತಾರೆ. ಅವರ ಶ್ರದ್ಧೆಯನ್ನು ನಾನು ಹಳಿಯುವುದಿಲ್ಲ. ಆದರೆ ಎರಡು ದೀಪ, ಒಂದು ನಿಲುವುಗಂಬ, ಒಂದು ಒಳ್ಳೆಯ ಛಾಯಾಯಂತ್ರ ಇವಿಷ್ಟಕ್ಕೆ ಆಗುವ ವೆಚ್ಚ ಒಂದು ಕಮಾನಿನ ಕಂಬಕ್ಕೂ ಸಾಲದು. ಮಸಿ ಮಾಸಿದ ಗರಿಯ ಮೇಲೆ ಪಕ್ಕದಿಂದ ತಗ್ಗಾಗಿ ಬೆಳಕು ಬಿಟ್ಟರೆ ಕಂಠದಿಂದ ಕೊರೆದ ಗೀರುಗಳು ನೆರಳಾಗಿ ಎದ್ದು ಕಾಣುತ್ತವೆ. ಕಾಡಿಗೆ ಸವರಿದರೆ ಇನ್ನೂ ಸ್ಪಷ್ಟ. ನಮ್ಮ ಸೀಮೆಯ ಜನ ಓಲೆ ಮೃದುವಾಗಲೆಂದು ಕೊಬ್ಬರಿ ಎಣ್ಣೆ ಹಚ್ಚುವುದುಂಟು. ದಯವಿಟ್ಟು ಹಚ್ಚಬೇಡಿ. ಅಡುಗೆಯ ಎಣ್ಣೆ ಧೂಳನ್ನು ಹಿಡಿದು ಹುಳುವನ್ನು ಕರೆಯುತ್ತದೆ. ಗ್ರಂಥಭಂಡಾರಗಳಲ್ಲಿ ಬಳಸುವುದು ಸಿಟ್ರೊನೆಲ್ಲಾ ಎಂಬ ಹುಲ್ಲಿನ ಎಣ್ಣೆ. ಇವೆಲ್ಲ ಒಂದು ವಾರದಲ್ಲಿ ಕಲಿಯಬಹುದಾದ ವಿದ್ಯೆ. ಕಲಿಯಲು ವರ್ಷಗಳು ಬೇಕಾದುದು ಓದುವ ವಿದ್ಯ. ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲದ, ಸಾಲು ಮುರಿಯದ, ಒತ್ತಕ್ಷರ ತಬ್ಬಿಕೊಂಡ ಹಳೆಯ ಬರಹವನ್ನು ಸರಾಗವಾಗಿ ಓದಬಲ್ಲವರು ವರ್ಷೇ ವರ್ಷೇ ಕಡಿಮೆಯಾಗುತ್ತಿದ್ದಾರೆ. ಅಚ್ಚಿನ ಕನ್ನಡವನ್ನು ಯಂತ್ರ ಈಗ ಮಟ್ಟಸವಾಗಿ ಓದುತ್ತದೆ; ಓಲೆಯನ್ನು ಹಾಗೆ ಓದುವ ದಿನ ಇನ್ನೂ ಬಂದಿಲ್ಲ. ಓದಿ ಇದು ಇಂಥ ಕೃತಿ ಎಂದು ಪಟ್ಟಿಮಾಡುವವನಿಲ್ಲದೆ ತೆಗೆದ ಬಿಂಬ ಕಣ್ಣಿಲ್ಲದ ಕಾಯಿಯಂತೆ. ಸಂಸ್ಕೃತ ಪಾಠಶಾಲೆ ನಡೆಸುವ ಮಠಗಳು ಹಸ್ತಪ್ರತಿ ಓದಿಸುವ ಒಂದು ತರಗತಿಯನ್ನು ನಡೆಸಲಾರವೇ?

ಓಲೆಯ ಮಾತನ್ನೇ ಆಡುತ್ತ ಕಾಗದವನ್ನು ಮರೆಯುವಂತಿಲ್ಲ. ನಿಜ ಹೇಳಬೇಕಾದರೆ ಓಲೆಗಿಂತ ಮೊದಲು ಸಾಯುವುದು ಅದೇ. ಅಗ್ಗದ ಅಚ್ಚುಕಾಗದದಲ್ಲಿ ಆಮ್ಲವಿರುತ್ತದೆ. ಐವತ್ತು ವರ್ಷಕ್ಕೆ ಅದು ಕಂದಾಗಿ, ಮಡಿಸಿದಲ್ಲಿ ಮುರಿದು, ಹಪ್ಪಳದಂತೆ ಪುಡಿಯಾಗುತ್ತದೆ. ಈ ಪತ್ರಿಕೆಯ ಹಳೆಯ ಸಂಚಿಕೆಗಳೂ, ಜಾತ್ರೆಯ ಕರಪತ್ರಗಳೂ, ಸ್ಮರಣ ಸಂಚಿಕೆಗಳೂ ಅಂಥ ಕಾಗದದಲ್ಲಿಯೇ ಇವೆ. ಪ್ರಸಾದ ನಿಲಯದ ಪ್ರವೇಶ ಪುಸ್ತಕಗಳನ್ನು ಒಮ್ಮೆ ನೋಡಿದ್ದೇನೆ. ಯಾವ ಊರಿನ, ಯಾವ ಕಾಯಕದ ಮನೆಯ ಹುಡುಗ, ಯಾವ ಬರಗಾಲದ ವರ್ಷ, ಯಾರ ಕೈಹಿಡಿದು ಇಲ್ಲಿಗೆ ಬಂದ ಎಂಬುದೆಲ್ಲ ಅದರಲ್ಲಿದೆ. ಈ ಸೀಮೆಯ ಬಡತನದ ಚರಿತ್ರೆಯನ್ನೂ ವಿದ್ಯೆಯ ಚರಿತ್ರೆಯನ್ನೂ ಬರೆಯುವವನಿಗೆ ಅದಕ್ಕಿಂತ ಮಿಗಿಲಾದ ಆಕರವಿಲ್ಲ. ಅದರ ಬಿಂಬವನ್ನು ತೆಗೆಯಲೇಬೇಕು. ಆದರೆ ಬದುಕಿರುವವರ ಹೆಸರು, ಮನೆಯ ಸ್ಥಿತಿಗತಿಗಳನ್ನು ಅಂತರಜಾಲದ ಸಂತೆಯಲ್ಲಿ ಹರಡಬಾರದು. ಅಂಥದನ್ನು ಕಾಲ ಕಳೆಯುವವರೆಗೆ ಮಠದಲ್ಲಿಯೇ ಇಡತಕ್ಕದ್ದು. ಎಲ್ಲವನ್ನೂ ತೆರೆಯಿರಿ ಎಂದು ಕೂಗುವವನಿಗೂ ಇಷ್ಟು ವಿವೇಕ ಬೇಕು.

ಮನೆಯಲ್ಲಿ ಕಟ್ಟು ಇರುವವರನ್ನು ನಾನು ಕೇಳುವುದು ಇಷ್ಟೇ: ಓಲೆ ನಿಮ್ಮದು, ನಿಮ್ಮಲ್ಲಿಯೇ ಇರಲಿ, ಶ್ರಾವಣದಲ್ಲಿ ಪೂಜೆಯೂ ಆಗಲಿ. ಪೂಜೆಯ ದಿನವೇ, ಕಟ್ಟು ಹೇಗೂ ಕೆಳಗಿಳಿದಿರುವಾಗ, ಅದನ್ನು ಬಿಚ್ಚಿ ಗರಿಗಳನ್ನು ಎಣಿಸಿ, ಬಿಂಬ ತೆಗೆಯಲು ಒಬ್ಬರನ್ನು ಮನೆಯೊಳಗೆ ಬಿಡಿ. ಮಠಾಧೀಶರಲ್ಲಿ ವಿನಯಪೂರ್ವಕವಾಗಿ ಬೇಡುವುದೂ ಇದೇ. ತಮ್ಮ ಬೀರುವನ್ನು ತಾವೇ ಮೊದಲು ತೆರೆದರೆ ಭಕ್ತರ ಅಟ್ಟಗಳು ತಾವಾಗಿ ತೆರೆಯುತ್ತವೆ.

ನನ್ನ ಕಪಾಟಿನಲ್ಲಿ ಈ ಪತ್ರಿಕೆಯ ಹಳೆಯ ಸಂಚಿಕೆಗಳ ಮೂರು ಕಟ್ಟುಗಳಿವೆ. ನನ್ನ ತಂದೆಯವರು ಚಂದಾದಾರರಾಗಿದ್ದ ಕಾಲದವು. ನಡುನಡುವೆ ಕೆಲವು ತಿಂಗಳುಗಳು ಇಲ್ಲ. ಎರಡರಲ್ಲಿ ಹೊದಿಕೆ ಹೋಗಿದೆ. ಬರುವ ಜಾತ್ರೆಗೆ ಅವುಗಳನ್ನು ತಂದು ಕಾರ್ಯಾಲಯದಲ್ಲಿ ಬಿಂಬ ತೆಗೆಯಲು ಒಪ್ಪಿಸಲಿದ್ದೇನೆ. ಇಲ್ಲದ ತಿಂಗಳುಗಳ ಪಟ್ಟಿಯನ್ನೂ ಜೊತೆಗಿಡುತ್ತೇನೆ. ಆ ಸಂಚಿಕೆಗಳು ಯಾರ ಅಟ್ಟದಲ್ಲಿವೆಯೋ ಅವರು ಅಂದು ಅವುಗಳನ್ನು ತರಬೇಕಾಗಿ ಪ್ರಾರ್ಥನೆ.